ವರ್ಷಗಟ್ಟಲೆ ನಿಂತ ಪದ್ಮಿನಿಗೆ ಮೊದಲು ಬ್ಯಾಟರಿ ಹಾಕಬೇಡಿ

ಪ್ರಶ್ನೆ: ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಅಪ್ಪ 1978ರಲ್ಲಿ ತೆಗೆದುಕೊಂಡ ಪ್ರೀಮಿಯರ್ ಪದ್ಮಿನಿ ನಮ್ಮಲ್ಲಿದೆ. ಅವರು ಹೋದ ಮೇಲೆ ಓಡಿಸುವವರಿಲ್ಲದೆ ಒಂಬತ್ತು ವರ್ಷದಿಂದ ಅಡಿಕೆ ಕೊಟ್ಟಿಗೆಯಲ್ಲಿ ನಿಂತಿದೆ. ನಾಲ್ಕೂ ಟೈರ್ ಕೂತಿವೆ, ಆರ್‌ಸಿ ಅವಧಿ 2018ಕ್ಕೇ ಮುಗಿದಿದೆ, ಪುಸ್ತಕ ಇನ್ನೂ ಅಪ್ಪನ ಹೆಸರಿನಲ್ಲಿದೆ. ಹದಿನೈದು ವರ್ಷ ದಾಟಿದ ಗಾಡಿ, ಗುಜರಿಗೆ ಹಾಕಿ ಅನ್ನುತ್ತಾರೆ ಭಾವ. ವಿಂಟೇಜ್ ಕಾರು, ಲಕ್ಷಗಟ್ಟಲೆ ಬೆಲೆ ಬಾಳುತ್ತದೆ ಅನ್ನುತ್ತಾನೆ ಒಬ್ಬ ದಲ್ಲಾಳಿ. ನಮ್ಮೂರ ಮೆಕ್ಯಾನಿಕ್, ಭಾನುವಾರ ಬ್ಯಾಟರಿ ತಂದು ಸ್ಟಾರ್ಟ್ ಮಾಡೋಣ, ಆಗದಿದ್ದರೆ ಜೀಪಿಗೆ ಕಟ್ಟಿ ಎಳೆಯೋಣ, ಎಂಜಿನ್ ಹೋಗಿದ್ದರೆ ಮಾರುತಿ ಎಂಜಿನ್ ಕೂರಿಸೋಣ ಅನ್ನುತ್ತಾರೆ. ಈಗಿನ ಎಥನಾಲ್ ಪೆಟ್ರೋಲ್ ಹಳೆ ಗಾಡಿಗೆ ವಿಷ ಅಂತಲೂ ಕೇಳಿದ್ದೇನೆ. ಪ್ರದರ್ಶನಕ್ಕಿಡುವ ಆಸೆ ನನಗಿಲ್ಲ. ವಾರಕ್ಕೊಮ್ಮೆ ಪೇಟೆಗೆ ಹೋಗಿಬರುವಂತಾದರೆ ಸಾಕು. ಎಲ್ಲಿಂದ ಶುರು ಮಾಡಲಿ?"

ಉತ್ತರ: ಮೊದಲು ಮೆಕ್ಯಾನಿಕ್‌ಗೆ ಫೋನ್ ಮಾಡಿ ಭಾನುವಾರ ಬರುವುದು ಬೇಡ ಎನ್ನಿ. ಉಳಿದ ಪ್ರಶ್ನೆಗಳಿಗೆ ತಿಂಗಳುಗಟ್ಟಲೆ ಸಮಯವಿದೆ, ಇದಕ್ಕಿಲ್ಲ. ಒಂಬತ್ತು ವರ್ಷ ನಿಂತದ್ದರಿಂದ ಎಂಜಿನ್ ಹಾಳಾಗಿರುವ ಸಾಧ್ಯತೆಗಿಂತ, ನಿಂತ ಎಂಜಿನ್ನನ್ನು ಒಂದು ಬೆಳಗ್ಗೆ ಬಲವಂತವಾಗಿ ತಿರುಗಿಸಿದ್ದರಿಂದ ಹಾಳಾಗುವ ಸಾಧ್ಯತೆ ಹೆಚ್ಚು. ಹೀಗೆ ಕೊಟ್ಟಿಗೆಯಿಂದ ಹೊರಬರುವ ಕಾರುಗಳ ಬ್ಲಾಕ್ ಬಿಚ್ಚಿದಾಗ ಕಾಣುವ ಮುರಿದ ಪಿಸ್ಟನ್ ರಿಂಗು, ಬಗ್ಗಿದ ಪುಶ್‌ರಾಡು, ಗೀಚಿದ ಬೋರು (ಸಿಲಿಂಡರಿನ ಒಳಗೋಡೆ), ಇವುಗಳಲ್ಲಿ ಬಹುಪಾಲು ಆ ಒಂದು ಬೆಳಗಿನ ಕೆಲಸವೇ.

ಕಾರಣ ಇಷ್ಟು. ವರ್ಷಗಟ್ಟಲೆ ನಿಂತಾಗ ಸಿಲಿಂಡರ್ ಗೋಡೆಯ ಮೇಲಿದ್ದ ಆಯಿಲ್ ಪೂರ್ತಿ ಇಳಿದುಹೋಗುತ್ತದೆ. ನಾಲ್ಕು ಸಿಲಿಂಡರುಗಳಲ್ಲಿ ಒಂದೆರಡರ ವಾಲ್ವ್ ತೆರೆದ ಸ್ಥಿತಿಯಲ್ಲೇ ನಿಂತಿರುತ್ತದೆ; ಮಲೆನಾಡಿನ ಮಳೆಗಾಲದ ತೇವ ಅದರೊಳಗಿಂದ ನೇರ ಬೋರಿಗೆ ಇಳಿದು ರಿಂಗುಗಳ ಸುತ್ತ ತೆಳ್ಳಗೆ ತುಕ್ಕು ಕಟ್ಟುತ್ತದೆ. ವಾಲ್ವ್ ಕಾಂಡ ತಾನು ಏರಿಳಿಯುವ ಕೊಳವೆಯಲ್ಲಿ, ಅಂದರೆ ಗೈಡಿನಲ್ಲಿ, ಅಂಟಿಕೊಂಡಿರುತ್ತದೆ. ಆಗ ಸೆಲ್ಫ್ ಹೊಡೆದರೆ ರಿಂಗು ತುಕ್ಕಿನ ಮೇಲೆ ಉಜ್ಜುತ್ತದೆ, ಅಂಟಿದ ವಾಲ್ವನ್ನು ತಳ್ಳಲು ಹೋದ ಪುಶ್‌ರಾಡ್ ಬಗ್ಗುತ್ತದೆ. ಜೀಪಿಗೆ ಕಟ್ಟಿ ಎಳೆಯುವುದು ಇನ್ನೂ ಕೆಟ್ಟದ್ದು. ಸೆಲ್ಫ್ ಮೋಟಾರಿಗೆ ಶಕ್ತಿ ಸಾಲದಿದ್ದರೆ ಅದು ನಿಂತಾದರೂ ನಿಲ್ಲುತ್ತದೆ. ಜೀಪು ನಿಲ್ಲುವುದಿಲ್ಲ.

ಇನ್ನು ನಿಮ್ಮ ಭಾವನವರ ಮಾತು. ಹದಿನೈದು ವರ್ಷ ದಾಟಿದ ಖಾಸಗಿ ಕಾರನ್ನು ಗುಜರಿಗೆ ಹಾಕಲೇಬೇಕೆಂಬ ನಿಯಮ ಕರ್ನಾಟಕದಲ್ಲಿಲ್ಲ. ಈ ನಂಬಿಕೆ ಎರಡು ಕಡೆಯಿಂದ ಬಂದಿದೆ: ದೆಹಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ವಾಹನಗಳ ಮೇಲೆ ಬಂದ ನಿರ್ಬಂಧ ಒಂದು, ಸರ್ಕಾರಿ ಇಲಾಖೆಗಳ ವಾಹನಗಳಿಗೆ ಹದಿನೈದು ವರ್ಷದ ಮಿತಿ ಹಾಕಿದ್ದು ಇನ್ನೊಂದು. ನಿಮ್ಮಂಥ ಖಾಸಗಿ ಕಾರಿಗೆ ಮೊದಲ ನೋಂದಣಿ ಹದಿನೈದು ವರ್ಷ, ಆಮೇಲೆ ಪ್ರತಿ ಐದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಣ. 1993ರಿಂದ 2013ರವರೆಗೆ ನಿಮ್ಮ ತಂದೆಯವರು ಮಾಡಿಸುತ್ತ ಬಂದದ್ದೂ ಇದನ್ನೇ. ತಪಾಸಣೆಯಲ್ಲಿ ಪಾಸಾಗುವಷ್ಟು ಕಾಲ ಗಾಡಿ ರಸ್ತೆಯಲ್ಲಿರಬಹುದು. ಆದರೆ ನವೀಕರಣವಾಗುವ ತನಕ ರಸ್ತೆಗೆ ಇಳಿಸುವಂತಿಲ್ಲ. ಗ್ಯಾರೇಜಿಗಾಗಲಿ ಆರ್‌ಟಿಒ ಕಚೇರಿಗಾಗಲಿ ಲಾರಿ ಮೇಲೆ ಹೇರಿಕೊಂಡೇ ಹೋಗಬೇಕು.

ಕಾಗದದ ಕೆಲಸ ನಿಧಾನ, ಹಾಗಾಗಿ ಅದನ್ನು ಈಗಲೇ ಹಚ್ಚಿ. ಮಾಲೀಕರು ತೀರಿಕೊಂಡಿರುವುದರಿಂದ ವಾರಸುದಾರರ ಹೆಸರಿಗೆ ವರ್ಗಾವಣೆಗೆ ಫಾರಂ 31, ನೋಂದಣಿ ನವೀಕರಣಕ್ಕೆ ಫಾರಂ 25. ಜೊತೆಗೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆಯ ಅಫಿಡವಿಟ್ ಕೇಳುತ್ತಾರೆ. ಮೂಲ ಆರ್‌ಸಿ ಪುಸ್ತಕವನ್ನು ಜೋಪಾನ ಮಾಡಿ. ಅಷ್ಟು ಹಳೆಯ ವಾಹನದ ವಿವರ ಕಂಪ್ಯೂಟರಿಗೆ ಏರಿಲ್ಲದಿದ್ದರೆ ಕಚೇರಿಯ ರಿಜಿಸ್ಟರ್ ನೋಡಿ ಹೊಸದಾಗಿ ದಾಖಲಿಸಬೇಕಾಗುತ್ತದೆ, ಆಗ ಆ ಪುಸ್ತಕವೇ ಆಧಾರ. ಬಾನೆಟ್ ಎತ್ತಿ ಚಾಸಿ ನಂಬರನ್ನೂ ಎಂಜಿನ್ ನಂಬರನ್ನೂ ಒರೆಸಿ, ಕಾಗದ ಇಟ್ಟು ಪೆನ್ಸಿಲಿನಲ್ಲಿ ಅಚ್ಚು ತೆಗೆದು ಪುಸ್ತಕದ ಜೊತೆ ಹೋಲಿಸಿ. ಒಂದು ಅಂಕಿ ವ್ಯತ್ಯಾಸವಿದ್ದರೂ ಗಾಡಿಗೆ ಕಾಸು ಸುರಿಯುವ ಮುಂಚೆಯೇ ಅದು ಗೊತ್ತಾಗಬೇಕು. ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ರೂಪಾಯಿಗೆ ಏರಿತು. 2025ರ ಆಗಸ್ಟ್ ಅಧಿಸೂಚನೆಯಲ್ಲಿ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 10,000 ಆಯಿತು. ತಡವಾದದ್ದಕ್ಕೆ ತಿಂಗಳಿಗೆ 500ರ ಲೆಕ್ಕವೂ ನಿಯಮದಲ್ಲಿದೆ. ಇದರ ಮೇಲೆ ಹಳೆ ಗಾಡಿಗಳಿಗೆ ಹಾಕುವ ಹಸಿರು ತೆರಿಗೆ. ಮೊತ್ತ ಸಣ್ಣದಾಗಿರುವುದಿಲ್ಲ, ಕೌಂಟರಿನಲ್ಲಿ ಲೆಕ್ಕ ಹಾಕಿಸಿಕೊಂಡು ಮುಂದುವರಿಯಿರಿ.

ದಲ್ಲಾಳಿ ಹೇಳುವ 'ವಿಂಟೇಜ್' ಬಗ್ಗೆ. ಹಳೆ ಕಾರಿನ ಕ್ಲಬ್ಬುಗಳವರ ಮಾತಿನಲ್ಲಿ ವಿಂಟೇಜ್ ಎಂದರೆ 1919ರಿಂದ 1930ರ ಒಳಗಿನ ಕಾರು. ಹಳೆಯ ವಿಮಾ ದರಪಟ್ಟಿಯಲ್ಲಿ 1940ರೊಳಗೆ ತಯಾರಾದದ್ದು. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಿದ 81ಎ ಮತ್ತು ಮುಂದಿನ ನಿಯಮಗಳ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿ, ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರುವ ಖಾಸಗಿ ವಾಹನ. ನಿಮ್ಮದು ಅದಕ್ಕೆ ಅರ್ಹವಾಗುವುದು 2028ಕ್ಕೆ. ಆಗಲೂ ಆತುರ ಬೇಡ: ವಿಂಟೇಜ್ ಎಂದು ನೋಂದಣಿ ಮಾಡಿಸಿದ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲು ಮತ್ತು ರಿಪೇರಿಗೆ ಹೋಗಿಬರುವುದು, ಇಷ್ಟಕ್ಕೇ ಅವಕಾಶ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ಆಮೇಲೆ ಐದು ವರ್ಷಕ್ಕೊಮ್ಮೆ 5,000. ಪೇಟೆಗೆ ಹೋಗಿಬರುವ ನಿಮ್ಮ ಉದ್ದೇಶಕ್ಕೆ ಸಾಮಾನ್ಯ ನೋಂದಣಿಯೇ ಸರಿ. ಕೆಎ ಸರಣಿ ಬರುವ ಮುಂಚಿನ ಆ ಹಳೆಯ ನಂಬರೂ ಅದರಲ್ಲಿ ಉಳಿಯುತ್ತದೆ.

ಬೆಲೆಯ ವಿಚಾರದಲ್ಲಿ ದಲ್ಲಾಳಿಯ ಮಾತನ್ನು ಅರ್ಧಕ್ಕೆ ಇಳಿಸಿ, ಆಮೇಲೆ ಇನ್ನೂ ಸ್ವಲ್ಪ ಇಳಿಸಿ. ಪದ್ಮಿನಿ ಅಪರೂಪದ ಕಾರಲ್ಲ. ಮುಂಬೈ ಕುರ್ಲಾದ ಕಾರ್ಖಾನೆಯಲ್ಲಿ 1964ರಿಂದ ಫಿಯೆಟ್ 1100 ಡಿಲೈಟ್ ಎಂದು, 1974ರಿಂದ ಪದ್ಮಿನಿ ಎಂಬ ಹೆಸರಿನಲ್ಲಿ, ಹೊಸ ಶತಮಾನದ ಹೊಸ್ತಿಲವರೆಗೂ ಹೆಚ್ಚುಕಡಿಮೆ ಅದೇ ಕಾರು ತಯಾರಾಯಿತು. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಗಳಲ್ಲಿ ಕೊನೆಯ ಪದ್ಮಿನಿ ರಸ್ತೆ ಬಿಟ್ಟದ್ದು 2023ರ ಅಕ್ಟೋಬರಿನಲ್ಲಿ. ಇಂಥ ಕಾರಿಗೆ ಬೆಲೆ ಬರುವುದು ವಯಸ್ಸಿನಿಂದಲ್ಲ: ಚಾಲ್ತಿಯಲ್ಲಿರುವ ಕಾಗದ, ತುಕ್ಕಿಲ್ಲದ ಬಾಡಿ, ಬದಲಾಗದ ಬಿಡಿಭಾಗ, ಒಂದೇ ಮನೆತನದ ಮಾಲೀಕತ್ವ, ಈ ನಾಲ್ಕರಿಂದ. ನಿಮ್ಮಲ್ಲಿ ಕೊನೆಯದು ಖಂಡಿತ ಇದೆ. ಕಾಗದವನ್ನು ಸರಿಮಾಡಿಕೊಳ್ಳಬಹುದು. ಮಾರುವುದೇ ಆದರೂ ಕಾಗದ ಸರಿಯಾದ ಮೇಲೆ ಮಾರಿ. ಅವಧಿ ಮುಗಿದ ಆರ್‌ಸಿಯೇ ದಲ್ಲಾಳಿಯ ಕೈಯಲ್ಲಿರುವ ದೊಡ್ಡ ಅಸ್ತ್ರ.

ಈಗ ಗಾಡಿಯ ಹತ್ತಿರ ಹೋಗೋಣ. ನೋಡಬೇಕಾದ ಮೊದಲ ಜಾಗ ಎಂಜಿನ್ ಅಲ್ಲ, ಬಾಡಿಯ ತಳ. ಇಟಲಿಯಲ್ಲಿ 1953ರಲ್ಲಿ ಬಂದ ಫಿಯೆಟ್ 1100-103ರಿಂದಲೇ ಈ ಕಾರಿಗೆ ಬೇರೆ ಚಾಸಿ ಚೌಕಟ್ಟಿಲ್ಲ. ತಗಡಿನ ಬಾಡಿಯೇ ಭಾರ ಹೊರುವ ರಚನೆ. ಪೇಂಟಿನ ಮೇಲಿನ ತುಕ್ಕು ಚೆಂದದ ಪ್ರಶ್ನೆ, ತಳದ ತುಕ್ಕು ಜೀವದ ಪ್ರಶ್ನೆ. ಎಂಜಿನ್ನಿನ ಯಾವುದೇ ರೋಗಕ್ಕೆ ಮದ್ದಿದೆ, ತಳ ಪೂರ್ತಿ ಹೋದ ಪದ್ಮಿನಿಗೆ ಮಾತ್ರ ಖರ್ಚು ಅಂಕೆ ಮೀರುತ್ತದೆ. ಅದಕ್ಕೇ ಬೇರೆ ಏನಕ್ಕೂ ಹಣ ಹಾಕುವ ಮುಂಚೆ ಇದೊಂದನ್ನು ತಿಳಿದುಕೊಳ್ಳಿ.

ಒಳಗಿನ ರಬ್ಬರ್ ಮ್ಯಾಟು, ಅದರ ಕೆಳಗಿನ ಗೋಣಿಯಂಥ ಪ್ಯಾಡು ಎತ್ತಿ. ನೀರು ಕುಡಿದು ಕೂತ ಆ ಪ್ಯಾಡೇ ನೆಲದ ತಗಡನ್ನು ತಿನ್ನುವುದು. ಟಾರ್ಚು, ಒಂದು ಮೊಂಡು ಸ್ಕ್ರೂಡ್ರೈವರ್, ತೆಳು ಬಟ್ಟೆ ಸುತ್ತಿದ ಆಯಸ್ಕಾಂತ ಸಾಕು. ಚಾಲಕನ ಪಾದದ ಜಾಗ, ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಪೆಟ್ಟಿಗೆಯಂಥ ಭಾಗ, ಜ್ಯಾಕ್ ಕೊಡುವ ಜಾಗ, ಮುಂದಿನ ಸಸ್ಪೆನ್ಷನ್ ಬಾಡಿಗೆ ಸೇರುವ ಕಡೆ, ಹಿಂದಿನ ಪಟ್ಟಿ ಸ್ಪ್ರಿಂಗಿನ ಕೊಂಡಿಗಳು, ಬ್ಯಾಟರಿ ತಟ್ಟೆ, ಸ್ಟೆಪ್ನಿ ಗುಂಡಿ, ಇಷ್ಟನ್ನು ಸ್ಕ್ರೂಡ್ರೈವರ್ ಹಿಡಿಕೆಯಿಂದ ತಟ್ಟುತ್ತ ಬನ್ನಿ. ಒಳ್ಳೆ ತಗಡು ಠಣ್ ಅನ್ನುತ್ತದೆ, ಕೊಳೆತದ್ದು ಮೆತ್ತಗೆ, ಮಂದವಾಗಿ ಕೇಳುತ್ತದೆ. ಆಯಸ್ಕಾಂತ ಅಂಟದ ಕಡೆ ಪೇಂಟಿನ ಕೆಳಗೆ ಪುಟ್ಟಿ ಇದೆ ಎಂದರ್ಥ. ನೆಲದಲ್ಲಿ ಅಂಗೈಯಗಲದ ಒಂದೆರಡು ತೂತಿದ್ದರೆ ಚಿಂತೆಯಿಲ್ಲ. ಸಸ್ಪೆನ್ಷನ್ ಸೇರುವ ಜಾಗ ಮತ್ತು ಬಾಗಿಲ ಕೆಳಗಿನ ಪೆಟ್ಟಿಗೆ ಎರಡೂ ಕಡೆ ಹೋಗಿದ್ದರೆ ಇಲ್ಲಿಗೇ ನಿಂತು ಮತ್ತೊಮ್ಮೆ ಯೋಚಿಸಿ.

ಟಿಂಕರಿಂಗ್ ಮಾಡಿಸುವಾಗ ಒಂದು ಮಾತು ಗಟ್ಟಿಯಾಗಿ ಹೇಳಿ: ಕೊಳೆತ ತಗಡಿನ ಮೇಲೆ ಹೊಸ ತಗಡು ಹೊದಿಸುವುದು ಬೇಡ. ನಡುವೆ ನೀರು ನಿಂತು ಕೆಲವೇ ಮಳೆಗಾಲದಲ್ಲಿ ಎರಡೂ ಹೋಗುತ್ತವೆ. ಹೊಳೆಯುವ ಲೋಹ ಸಿಗುವ ತನಕ ಕತ್ತರಿಸಿ, 20 ಗೇಜಿನ, ಅಂದರೆ ಸುಮಾರು 0.9 ಮಿ.ಮೀ. ತಗಡನ್ನು ಅಂಚಿಗೆ ಅಂಚು ಕೂಡಿಸಿ ಮಿಗ್ ವೆಲ್ಡಿಂಗ್ (ತಂತಿ ಹಾಯುವ ಕರೆಂಟಿನ ವೆಲ್ಡಿಂಗ್) ಮಾಡಿಸಬೇಕು. ಗ್ಯಾಸ್ ವೆಲ್ಡಿಂಗಿನ ಕಾವು ಅಗಲಕ್ಕೆ ಹರಡಿ ತಗಡು ಸುಕ್ಕುಗಟ್ಟುತ್ತದೆ, ಆ ಸುಕ್ಕು ಮುಚ್ಚಲು ಪುಟ್ಟಿ, ಪುಟ್ಟಿ ಬಿರುಕು ಬಿಟ್ಟಲ್ಲಿ ಮತ್ತೆ ನೀರು. ಬಾಗಿಲ ಕೆಳಗಿನ ಪೆಟ್ಟಿಗೆ ಕತ್ತರಿಸುವ ಮುಂಚೆ ಬಾಗಿಲುಗಳ ಸಂದು ಅಳೆದಿಟ್ಟುಕೊಂಡು, ಗಾಡಿಯನ್ನು ಚಕ್ರಗಳ ಮೇಲೆ ನಿಲ್ಲಿಸಿ, ಒಳಗೆ ಅಡ್ಡಪಟ್ಟಿ ಹಾಕಿಸಿ. ಜ್ಯಾಕಿನ ಮೇಲೆ ತೂಗಾಡುವಾಗ ಕತ್ತರಿಸಿದರೆ ಬಾಡಿ ಬಗ್ಗಿ ಬಾಗಿಲು ಮತ್ತೆಂದೂ ಸರಿಯಾಗಿ ಮುಚ್ಚದು. ಕೆಲಸ ಮುಗಿದ ಮೇಲೆ ಪೊಳ್ಳು ಭಾಗಗಳೊಳಗೆ ಮೇಣದಂಥ ತುಕ್ಕು ನಿರೋಧಕ ಸಿಂಪಡಿಸಿ. ನೀರಿಳಿಯುವ ಸಣ್ಣ ತೂತುಗಳನ್ನು ಮಾತ್ರ ಮುಚ್ಚಬೇಡಿ.

ತಳ ಗಟ್ಟಿಯಿದೆ ಎಂದಾದರೆ ಮುಂದಿನದು ಬ್ರೇಕ್. ಎಂಜಿನ್‌ಗಿಂತ ಮೊದಲು, ಏಕೆಂದರೆ ಎಂಜಿನ್ ಶುರುವಾದ ದಿನವೇ ಎಲ್ಲರಿಗೂ ಒಂದು ಸುತ್ತು ಹೋಗುವ ಆಸೆ ಬರುತ್ತದೆ. ಪದ್ಮಿನಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ನಿಮ್ಮ ಕಾಲದ ಗಾಡಿಗಳಲ್ಲಿ ಸಾಮಾನ್ಯವಾಗಿ ಒಂದೇ ಸರ್ಕ್ಯೂಟ್. ಎಲ್ಲಿಯಾದರೂ ಒಂದು ಕಡೆ ಸೋರಿದರೆ ನಾಲ್ಕೂ ಹೋಗುತ್ತವೆ, ಉಳಿಯುವುದು ಹ್ಯಾಂಡ್‌ಬ್ರೇಕ್ ಮಾತ್ರ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ಸ್ವಭಾವದ್ದು. ಒಂಬತ್ತು ವರ್ಷದಲ್ಲಿ ಹೀರಿದ ನೀರು, ಚಕ್ರದ ಬ್ರೇಕನ್ನು ಒತ್ತುವ ವೀಲ್ ಸಿಲಿಂಡರುಗಳ ತಳದಲ್ಲಿ ಕೂತು ಕುಳಿ ಕೊರೆದಿರುತ್ತದೆ.

ಡ್ರಮ್ ಬಿಚ್ಚಿದಾಗ ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದಬೇಡಿ. ಡ್ರಮ್ಮಿಗೆ ಉಜ್ಜುವ ಆ ಕಾಲದ ಲೈನರುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು, ಅದು ಉಸಿರಿಗೆ ಕೆಟ್ಟದ್ದು. ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ. ವೀಲ್ ಸಿಲಿಂಡರ್ ಒಳಗೆ ಉಗುರಿಗೆ ಸಿಗುವ ಕುಳಿ ಇದ್ದರೆ ವಾಷರ್ ಕಿಟ್ ಹಾಕಿ ಪ್ರಯೋಜನವಿಲ್ಲ, ಸಿಲಿಂಡರನ್ನೇ ಬದಲಿಸಿ. ಮುಂದೆರಡು, ಹಿಂದೊಂದು ಇರುವ ರಬ್ಬರ್ ಹೋಸುಗಳನ್ನು ಹೊರಗಿನಿಂದ ಚೆನ್ನಾಗಿ ಕಂಡರೂ ಬದಲಿಸಿ: ಅವು ಒಳಗೆ ಊದಿಕೊಂಡು ದಾರಿ ಕಟ್ಟುತ್ತವೆ, ಪೆಡಲ್ ಒತ್ತಿದಾಗ ಹೋದ ಆಯಿಲ್ ವಾಪಸ್ ಬಾರದೆ ಬ್ರೇಕ್ ಹಿಡಿದೇ ಇರುತ್ತದೆ. ತುಕ್ಕು ಹಿಡಿದ ಸ್ಟೀಲ್ ಪೈಪಿನ ಜಾಗಕ್ಕೆ ಫ್ರಿಜ್ ರಿಪೇರಿಯವರ ಬಳಿ ಸಿಗುವ ಮೃದು ತಾಮ್ರದ ಪೈಪ್ ಹಾಕುವ ಅಭ್ಯಾಸ ಕೆಲವು ಕಡೆ ಇದೆ. ಒಪ್ಪಬೇಡಿ. ಅಲುಗಾಟಕ್ಕೆ ಅದು ಗಡುಸಾಗಿ ಬಿರುಕು ಬಿಡುತ್ತದೆ. ತುಂಬಿಸುವುದು ಡಾಟ್ 3 ಅಥವಾ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್, ಸೀಲ್ ಮಾಡಿದ ಹೊಸ ಡಬ್ಬಿಯಿಂದ. ಎಂಜಿನ್ ಆಯಿಲ್ ಅಥವಾ ಪವರ್ ಸ್ಟಿಯರಿಂಗ್ ಆಯಿಲ್ ಒಂದು ತೊಟ್ಟು ಬೆರೆತರೂ ಹೊಸ ರಬ್ಬರುಗಳೆಲ್ಲ ಊದಿ ಹಾಳಾಗುತ್ತವೆ.

ಟೈರಿಗೆ ಎರಡೇ ಮಾತು. ಮೂಲ ಅಳತೆ 5.20-14. ಗಾಳಿ ತುಂಬಿಸಿದಾಗ ನಿಂತರೂ, ಪಟ್ಟಿಯಲ್ಲಿ ಆಳವಿದ್ದರೂ, ಹಳೆಯವನ್ನು ರಸ್ತೆಗೆ ಬಳಸಬೇಡಿ. ಹೊಸದು ಕೊಳ್ಳುವಾಗ ಪಕ್ಕದಲ್ಲಿರುವ ನಾಲ್ಕಂಕಿಯ ಗುರುತು ನೋಡಿ, ಮೊದಲೆರಡು ಟೈರ್ ತಯಾರಾದ ವಾರ, ಕೊನೆಯೆರಡು ವರ್ಷ. ಬೇಡಿಕೆ ಕಡಿಮೆಯಿರುವ ಅಳತೆಯಾದ್ದರಿಂದ ಅಂಗಡಿಯಲ್ಲೇ ವರ್ಷಗಟ್ಟಲೆ ಕೂತ ಟೈರ್ ಕೊಡುವುದುಂಟು.

ಈಗ ಎಂಜಿನ್. 1089 ಸಿಸಿ, 68 ಮಿ.ಮೀ. ಬೋರ್, 75 ಮಿ.ಮೀ. ಸ್ಟ್ರೋಕ್, ಎರಕದ ಕಬ್ಬಿಣದ ಬ್ಲಾಕ್, ಅದರ ಮೇಲೆ ವಾಲ್ವುಗಳಿರುವ ಅಲ್ಯೂಮಿನಿಯಂ ಹೆಡ್. ಸರಳ, ಗಟ್ಟಿ ಎಂಜಿನ್. ಬ್ಯಾಟರಿ ಇನ್ನೂ ಬೇಡ. ಏರ್ ಫಿಲ್ಟರಿನಲ್ಲಿ ಇಲಿಗೂಡು ಇದೆಯೇ ನೋಡಿ. ಅಡಿಕೆ ಕೊಟ್ಟಿಗೆ ಎಂದ ಮೇಲೆ ಇರುವುದೇ ಹೆಚ್ಚು. ನಾಲ್ಕೂ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೆ ಎಂಜಿನ್ ಆಯಿಲ್ ಮತ್ತು ಡೀಸೆಲ್ ಸಮಸಮ ಬೆರೆಸಿದ್ದನ್ನು 20 ಮಿ.ಲೀ.ನಷ್ಟು ಹಾಕಿ, ತೂತುಗಳಿಗೆ ಬಟ್ಟೆ ಮುಚ್ಚಿ ಒಂದು ವಾರ ಬಿಡಿ. ನಡುವೆ ಒಮ್ಮೆ ಮತ್ತಷ್ಟು ಹಾಕಿದರೆ ನಷ್ಟವಿಲ್ಲ. ಆಮೇಲೆ ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಪ್ಲಗ್ ಇಲ್ಲದೆಯೇ, ಮುಂದಿನ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಕೊಟ್ಟು ಕೈಯಲ್ಲಿ ತಿರುಗಿಸಿ. ಸ್ವಲ್ಪ ಅತ್ತ, ಸ್ವಲ್ಪ ಇತ್ತ. ಅಲುಗಾಡದಿದ್ದರೆ ಸ್ಪ್ಯಾನರಿಗೆ ಪೈಪ್ ತೂರಿಸಿ ಬಲ ಹಾಕಬೇಡಿ, ಇನ್ನೊಂದು ವಾರ ನೆನೆಸಿ. ಆಗಲೂ ಅಲುಗಾಡದಿದ್ದರೆ ಹೆಡ್ ಬಿಚ್ಚುವುದೇ ದಾರಿ. ತೀರ ಅಪರೂಪದ ಸಂಗತಿಯೇನಲ್ಲ, ಗಾಬರಿಯಾಗುವಂಥದ್ದೂ ಅಲ್ಲ.

ತಿರುಗಿತು ಎಂದುಕೊಳ್ಳಿ. ಹೆಡ್ಡಿನ ಮೇಲಿನ ಮುಚ್ಚಳ ತೆಗೆದು, ಇನ್ನೊಬ್ಬರು ಪುಲ್ಲಿ ತಿರುಗಿಸುತ್ತಿರುವಾಗ ಎಂಟೂ ವಾಲ್ವ್ ಇಳಿದು ಏರುವುದನ್ನು ಕಣ್ಣಾರೆ ನೋಡಿ. ಇಳಿದದ್ದು ಏರದಿದ್ದರೆ ಅದು ಅಂಟಿದೆ. ಕಾಂಡಕ್ಕೆ ಎಣ್ಣೆ ಬಿಟ್ಟು ಮರದ ತುಂಡಿನಿಂದ ಮೆಲ್ಲಗೆ ತಟ್ಟಿ ಬಿಡಿಸಬೇಕು. ನಂತರ ಹಳೆ ಆಯಿಲ್ ಇಳಿಸಿ. ಹಾಲು ಬೆರೆಸಿದಂತೆ ಬಂದರೆ ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ ಕಡೆ ಅನುಮಾನ. ಇಲ್ಲದಿದ್ದರೆ ಸಾದಾ ಮಿನರಲ್ 20ಡಬ್ಲ್ಯು-50 ಆಯಿಲ್ ಸಾಕು, ದುಬಾರಿ ಸಿಂಥೆಟಿಕ್‌ನಿಂದ ಹಳೆ ಸೀಲುಗಳಲ್ಲಿ ಸೋರಿಕೆ ಹೆಚ್ಚಬಹುದಷ್ಟೆ. ಗೇರ್‌ಬಾಕ್ಸಿಗೆ ಜಿಎಲ್-4 ದರ್ಜೆಯ ಆಯಿಲ್ ಕೇಳಿ ತನ್ನಿ. ಜಿಎಲ್-5ನ ಗಂಧಕದ ಅಂಶ ಗೇರ್ ಸಲೀಸಾಗಿ ಬೀಳುವಂತೆ ಮಾಡುವ ಹಿತ್ತಾಳೆ ಬಣ್ಣದ ಸಿಂಕ್ರೊ ರಿಂಗುಗಳಿಗೆ ಆಗಿಬರುವುದಿಲ್ಲ.

ರೇಡಿಯೇಟರ್ ಹಿತ್ತಾಳೆ-ತಾಮ್ರದ್ದು, ಬಿಚ್ಚಿ ರೇಡಿಯೇಟರ್ ಕೆಲಸದವರ ಬಳಿ ಕಡ್ಡಿ ಹಾಕಿಸಿ ತೊಳೆಸಿ. ಬರೀ ಬಾವಿನೀರು ಹಾಕಿ ಓಡಿಸಿದ ಕಾರುಗಳಲ್ಲಿ ಅಲ್ಯೂಮಿನಿಯಂ ಹೆಡ್ಡಿನ ನೀರಿನ ದಾರಿಗಳು ಕೊರೆದುಹೋಗಿರುತ್ತವೆ. ಇನ್ನು ಮುಂದೆ ವರ್ಷವಿಡೀ ಕೂಲಂಟ್ ಬೆರೆಸಿಯೇ ಹಾಕಿ. ಇಲ್ಲಿ ಚಳಿಗೆ ನೀರು ಹೆಪ್ಪುಗಟ್ಟುತ್ತದೆ ಅಂತಲ್ಲ, ತುಕ್ಕು ತಡೆಯಲಿಕ್ಕೆ.

ಪೆಟ್ರೋಲ್ ಟ್ಯಾಂಕನ್ನು ಕೆಳಗಿಳಿಸಲೇಬೇಕು. ಒಂಬತ್ತು ವರ್ಷದ ಪೆಟ್ರೋಲು ವಾರ್ನಿಶ್ ಆಗಿರುತ್ತದೆ, ಅದರ ಒಂದು ಗುಟುಕು ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬುರೇಟರಿಗೆ ಹೋದರೂ ಅದರ ಜೆಟ್ಟುಗಳೆಲ್ಲ (ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತುಗಳು) ಕಟ್ಟುತ್ತವೆ. ಒಳಗೆ ತುಕ್ಕಿದ್ದರೆ ಫಾಸ್ಫಾರಿಕ್ ಆಮ್ಲವಿರುವ ತುಕ್ಕು ತೆಗೆಯುವ ದ್ರಾವಣ ಹಾಕಿ ಅಲುಗಾಡಿಸಿ, ನೀರಿನಲ್ಲಿ ತೊಳೆದು ತಕ್ಷಣ ಒಣಗಿಸಬೇಕು. ಖಾಲಿ ಟ್ಯಾಂಕಿಗೆ ವೆಲ್ಡಿಂಗ್ ಮಾಡಲು ಯಾರಿಗೂ ಬಿಡಬೇಡಿ. ಖಾಲಿ ಟ್ಯಾಂಕೇ ತುಂಬಿದ್ದಕ್ಕಿಂತ ಅಪಾಯಕಾರಿ, ಒಳಗಿರುವ ಆವಿ ಸಿಡಿಯುತ್ತದೆ. ತೂತನ್ನು ರೇಡಿಯೇಟರ್ ಕೆಲಸದವರು ಪೂರ್ತಿ ತೊಳೆದ ಮೇಲೆ ಬೆಸುಗೆ (ಸೋಲ್ಡರಿಂಗ್) ಹಾಕುತ್ತಾರೆ.

ವೈರಿಂಗಿನಲ್ಲಿ ಇಲಿ ಕಡಿದದ್ದನ್ನು ಹುಡುಕಲು ಸುಲಭ ಉಪಾಯ: ಬ್ಯಾಟರಿಯ ಪಾಸಿಟಿವ್ ತುದಿಗೂ ವೈರಿಗೂ ನಡುವೆ ಒಂದು 12 ವೋಲ್ಟಿನ ಹೆಡ್‌ಲೈಟ್ ಬಲ್ಬ್ ಸೇರಿಸಿ. ಎಲ್ಲ ಸ್ವಿಚ್ ಆರಿಸಿದ್ದರೂ ಬಲ್ಬ್ ಜೋರಾಗಿ ಉರಿದರೆ ಎಲ್ಲೋ ಶಾರ್ಟ್ ಇದೆ. ಬಲ್ಬ್ ಕರೆಂಟಿಗೆ ಮಿತಿ ಹಾಕುವುದರಿಂದ ವೈರು ಹೊತ್ತಿಕೊಳ್ಳುವುದಿಲ್ಲ. ಇದಾದ ಮೇಲೆ ಡಿಸ್ಟ್ರಿಬ್ಯೂಟರಿನೊಳಗೆ ಕಿಡಿಯ ಕರೆಂಟನ್ನು ಕಡಿದು ಕೂಡಿಸುವ ಪಾಯಿಂಟ್ ಉಜ್ಜಿ, ಸಂದು 0.4 ಮಿ.ಮೀ. ಆಸುಪಾಸಿಗೆ ತಂದು, ಪ್ಲಗ್ ವೈರುಗಳನ್ನು ಸಿಲಿಂಡರುಗಳು ಉರಿಯುವ 1-3-4-2ರ ಕ್ರಮದಲ್ಲಿ ನೋಡಿಕೊಳ್ಳಿ.

ಈಗ ಸೆಲ್ಫ್ ಹೊಡೆಯಬಹುದು, ಪ್ಲಗ್ ಇಲ್ಲದೆಯೇ, ಹತ್ತು ಸೆಕೆಂಡಿನ ಕಂತುಗಳಲ್ಲಿ, ಆಯಿಲ್ ದೀಪ ಆರುವ ತನಕ. ಆರಿದ ಮೇಲೆ ಕಂಪ್ರೆಷನ್, ಅಂದರೆ ಪಿಸ್ಟನ್ ಏರಿದಾಗ ಸಿಲಿಂಡರಿನೊಳಗಿನ ಒತ್ತಡ, ಅಳೆಯಿರಿ. 120 ಪಿಎಸ್‌ಐ ಸುತ್ತಮುತ್ತ ಬಂದರೆ ಸಮಾಧಾನ, ಆದರೆ ಅಂಕಿಗಿಂತ ನಾಲ್ಕು ಸಿಲಿಂಡರುಗಳ ನಡುವಿನ ಅಂತರ ಮುಖ್ಯ. ಶೇ 15ರೊಳಗೆ ಇರಲಿ. ಒಂದರಲ್ಲಿ ಕಡಿಮೆ ಬಂದರೆ ಅದಕ್ಕೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಏರಿದರೆ ದೋಷ ರಿಂಗಿನದು, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ತುಕ್ಕು ಹಿಡಿದ ರಿಂಗುಗಳು ಓಡುತ್ತ ಬಿಡಿಸಿಕೊಳ್ಳುವುದೂ ಉಂಟು. ಒಂದು ಕಡಿಮೆ ಅಂಕಿ ನೋಡಿದ ಕೂಡಲೇ ಸಿಲಿಂಡರ್ ಕೊರೆಸಿ ಬೋರ್ ಮಾಡಿಸಲು ಓಡಬೇಡಿ.

ಕ್ಲಚ್ ಪ್ಲೇಟ್ ಫ್ಲೈವೀಲಿಗೆ ಅಂಟಿ ಗೇರ್ ಬೀಳದಿರಬಹುದು. ಪೆಡಲನ್ನು ಕೋಲು ಕೊಟ್ಟು ಒಂದೆರಡು ದಿನ ಒತ್ತಿಯೇ ಇಟ್ಟರೆ ಎಷ್ಟೋ ಸಲ ಬಿಡುತ್ತದೆ.

ಎಥನಾಲ್ ಪೆಟ್ರೋಲಿನ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ವಿಷವಾಗುವುದು ಎಂಜಿನ್ನಿಗಲ್ಲ, ಅದಕ್ಕೆ ಪೆಟ್ರೋಲ್ ತಲುಪಿಸುವ ರಬ್ಬರಿಗೆ. ಹಳೆಯ ಹೋಸು, ಪಂಪಿನ ಡಯಾಫ್ರಾಮು, ಕಾರ್ಕ್ ಗ್ಯಾಸ್ಕೆಟ್ಟುಗಳನ್ನು ಎಥನಾಲ್ ಮೆತ್ತಗೆ ಮಾಡುತ್ತದೆ. ಪದ್ಮಿನಿಯ ಪೆಟ್ರೋಲ್ ಪಂಪ್ ಎಂಜಿನ್ನಿಗೇ ಅಂಟಿಕೊಂಡಿರುವ ಯಾಂತ್ರಿಕ ಪಂಪು. ಡಯಾಫ್ರಾಮ್ ಹರಿದರೆ ಪೆಟ್ರೋಲು ಎಂಜಿನ್ ಆಯಿಲಿಗೆ ಸೇರಬಹುದು ಅಥವಾ ಬಿಸಿ ಎಂಜಿನ್ನಿನ ಮೇಲೆ ಸುರಿಯಬಹುದು. ಹಾಗಾಗಿ ಎಫ್‌ಕೆಎಂ ಅಥವಾ ವೈಟಾನ್ ಎಂದು ಕರೆಯುವ ರಬ್ಬರಿನ ಹೋಸು, ಡಯಾಫ್ರಾಮ್ ಹಾಕಿಸಿ. ಇಡೀ ರಿಪೇರಿಯಲ್ಲಿ ಅತಿ ಕಡಿಮೆ ಖರ್ಚಿನ, ಅತಿ ದೊಡ್ಡ ಅಪಾಯ ತಪ್ಪಿಸುವ ಕೆಲಸ ಇದು.

ಎರಡನೆಯದು ಮಿಶ್ರಣ. ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು, ಎಥನಾಲಿಗೆ 9 ಪಾಲು ಸಾಕು. ಶೇ 20 ಎಥನಾಲ್ ಸೇರಿದಾಗ ಹಳೆಯ ಜೆಟ್ಟಿನಲ್ಲಿ ಬರುವ ಇಂಧನ ಶೇ 6-8ರಷ್ಟು ಕಡಿಮೆ ಬೀಳುತ್ತದೆ. ಎಂಜಿನ್ ಬಿಸಿಯಾಗುತ್ತದೆ, ಘಾಟಿಯಲ್ಲಿ ಎಳೆತ ಸಾಲುವುದಿಲ್ಲ. ಹೊಸ ಕಾರಿನ ಕಂಪ್ಯೂಟರ್ ಇದನ್ನು ತಾನೇ ಸರಿಮಾಡಿಕೊಳ್ಳುತ್ತದೆ, ಕಾರ್ಬುರೇಟರಿಗೆ ಆ ಬುದ್ಧಿಯಿಲ್ಲ. ಜೆಟ್ ಮೇಲೆ ಕೊರೆದ ಅಂಕಿ ತೂತಿನ ಅಳತೆ: 120 ಎಂದರೆ 1.20 ಮಿ.ಮೀ. ಒಂದು ಮೆಟ್ಟಿಲು ಮೇಲೆ, ಅಂದರೆ 120 ಇದ್ದರೆ 125 ಹಾಕಿದರೆ ತೂತಿನ ವಿಸ್ತಾರ ಶೇ 8ರಷ್ಟು ಹೆಚ್ಚಿ ಲೆಕ್ಕ ಸರಿಹೋಗುತ್ತದೆ. ಹಳೆ ಜೆಟ್ಟನ್ನೇ ಸೂಜಿಯಿಂದ ಅಗಲ ಮಾಡಿಸಬೇಡಿ. ಗಾಡಿ ನಿಂತಲ್ಲೇ ಓಡುವಾಗಿನ ಮಿಶ್ರಣದ ಐಡಲ್ ಸ್ಕ್ರೂ ಹೊಂದಿಸಲು ಹೊಗೆ ತಪಾಸಣೆ ಕೇಂದ್ರದ ಯಂತ್ರವನ್ನೇ ಬಳಸಿಕೊಳ್ಳಿ. ನಿಮ್ಮ ಗಾಡಿಯ ಕಾಲದ ಪೆಟ್ರೋಲ್ ಕಾರಿಗೆ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ 3, ಅದು 2ರ ಆಸುಪಾಸಿನಲ್ಲಿ ನಿಂತರೆ ಪ್ರಮಾಣಪತ್ರವೂ ಸಿಕ್ಕಿತು, ಟ್ಯೂನಿಂಗೂ ಆಯಿತು. ಮೇನ್ ಜೆಟ್ ಸರಿಯಿದೆಯೇ ಎಂದು ಹೇಳುವುದು ಮಾತ್ರ ಒಂದು ಏರು ಹತ್ತಿಸಿ ನಿಲ್ಲಿಸಿದ ಮೇಲೆ ಬಿಚ್ಚಿದ ಪ್ಲಗ್: ತಿಳಿ ಕಂದು ಒಳ್ಳೆಯದು, ಬಿಳಿಚಿಕೊಂಡಿದ್ದರೆ ಇನ್ನೂ ಇಂಧನ ಬೇಕು, ಮಸಿ ಹಿಡಿದಿದ್ದರೆ ಹೆಚ್ಚಾಗಿದೆ.

ಮಲೆನಾಡಿಗೆ ಮೂರನೆಯದೊಂದಿದೆ. ಎಥನಾಲ್ ನೀರು ಹೀರುತ್ತದೆ. ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಇಟ್ಟುಕೊಂಡು ತಿಂಗಳುಗಟ್ಟಲೆ ನಿಲ್ಲಿಸಿದರೆ ತಳದಲ್ಲಿ ನೀರು-ಎಥನಾಲ್ ಪದರ ಬೇರೆಯಾಗಿ ತಗಡನ್ನು ತಿನ್ನುತ್ತದೆ. ಪೂರ್ತಿ ತುಂಬಿಸಿಡಿ ಅಥವಾ ಪೂರ್ತಿ ಇಳಿಸಿಡಿ. ಇನ್ನು ಸೀಸದ ಪೆಟ್ರೋಲ್ ಹೋದದ್ದರಿಂದ ವಾಲ್ವ್ ಸವೆಯುತ್ತದೆ ಎಂದು ಮಾರುವ ಬೆರಕೆ ದ್ರವದ ಬಾಟಲಿಗಳಿಗೆ ಹಣ ಕೊಡಬೇಡಿ. ದೇಶದಲ್ಲಿ ಸೀಸರಹಿತ ಪೆಟ್ರೋಲ್ 2000ದ ಫೆಬ್ರವರಿಯಿಂದ ಎಲ್ಲೆಡೆ ಬಂತು. ನಿಮ್ಮ ತಂದೆಯವರು ಅಷ್ಟು ವರ್ಷ ಅದರಲ್ಲೇ ಓಡಿಸಿದ್ದಾರೆ. ಹೆಡ್ಡಿನಲ್ಲಿ ವಾಲ್ವ್ ಸೀಟುಗಳು ಬೇರೆಯಾಗಿ ಕೂರಿಸಿದವು, ಸವೆದರೆ ಬದಲಿಸಬಹುದು. 100 ಆಕ್ಟೇನ್ ಪೆಟ್ರೋಲೂ ಈ ಎಂಜಿನ್ನಿಗೆ ವ್ಯರ್ಥ.

ಮಾರುತಿ ಎಂಜಿನ್ ಬೇಡ ಎಂದು ಹೇಳಲು ಅಭಿಮಾನಕ್ಕಿಂತ ಗಟ್ಟಿ ಕಾರಣಗಳಿವೆ. ಮಾರುತಿಯ ಹೆಚ್ಚಿನ ಕಾರುಗಳಂತೆ ಮುಂದಿನ ಚಕ್ರ ಎಳೆಯುವ ಕಾರಿನ ಎಂಜಿನ್ ಅಡ್ಡಡ್ಡ ಕೂರುವಂಥದ್ದು, ಪದ್ಮಿನಿಯದು ಉದ್ದಕ್ಕೆ ಕೂತು ಹಿಂದಿನ ಚಕ್ರ ತಿರುಗಿಸುವಂಥದ್ದು. ಅದನ್ನು ಉದ್ದಕ್ಕೆ ತಿರುಗಿಸಿದರೆ ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಮೌಂಟಿಂಗ್ ಎಲ್ಲ ಹೊಸದಾಗಿ ಮಾಡಬೇಕು, ಅದಕ್ಕಾಗಿ ಭಾರ ಹೊರುವ ತಗಡನ್ನೇ ಕತ್ತರಿಸುತ್ತಾರೆ. ಸ್ಟಿಯರಿಂಗ್ ಕಂಬದ ಮೇಲಿನ ಗೇರ್ ಹೋಗಿ ನೆಲದಲ್ಲಿ ತೂತು ಬೀಳುತ್ತದೆ. ನಲವತ್ತು ಚಿಲ್ಲರೆ ಅಶ್ವಶಕ್ತಿಗೆ ಲೆಕ್ಕ ಹಾಕಿದ ಡ್ರಮ್ ಬ್ರೇಕು ಮಾತ್ರ ಹಾಗೇ ಉಳಿಯುತ್ತದೆ. ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ನಮೂದಿಸದೆ ಎಂಜಿನ್ ಬದಲಿಸಿದರೆ ನವೀಕರಣ ನಿಲ್ಲುತ್ತದೆ, ಅಪಘಾತವಾದರೆ ವಿಮಾ ಕಂಪನಿಗೆ ತಕರಾರೆತ್ತಲು ಅದೊಂದೇ ಸಾಕು. 2028ರ ನಂತರದ ವಿಂಟೇಜ್ ಅರ್ಹತೆಯೂ ಅಲ್ಲಿಗೆ ಮುಗಿಯಿತು. ಮೂಲ ಎಂಜಿನ್ ನಿಜಕ್ಕೂ ಹೋಗಿದ್ದರೆ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸುವುದೇ ಒಟ್ಟಾರೆ ಅಗ್ಗ.

ಹಾಗಾದರೆ ಎಷ್ಟು ದೂರ ಹೋಗಬೇಕು? ನಿಮ್ಮ ಬಯಕೆಗೆ ಪೂರ್ತಿ ಬಿಚ್ಚಿ ಕಟ್ಟುವ ರೆಸ್ಟೊರೇಷನ್ ಅಗತ್ಯವಿಲ್ಲ. ತಳ, ಬ್ರೇಕು, ಟೈರು, ಇಂಧನ, ವೈರಿಂಗ್ ಸರಿಮಾಡಿ ಓಡಿಸಿ. ಪೇಂಟು, ಕ್ರೋಮು, ಸೀಟು ಆಮೇಲೆ. ಪೂರ್ತಿ ಬಿಚ್ಚಿದ ಕಾರುಗಳಲ್ಲಿ ಎಷ್ಟೋ ಡಬ್ಬಗಳಲ್ಲೇ ಉಳಿದುಬಿಡುತ್ತವೆ, ನಡುವೆ ಹಣ ಮುಗಿಯುತ್ತದೆ ಅಥವಾ ಬಿಚ್ಚಿದವನು ಊರು ಬಿಡುತ್ತಾನೆ. ಮೂಲ ಪೇಂಟ್ ಮಾಸಿದ್ದರೂ ಗಟ್ಟಿಯಿದ್ದರೆ ಪಾಲಿಶ್ ಮಾಡಿಸಿ ಬಿಟ್ಟುಬಿಡಿ ಎಂಬುದು ನನ್ನ ಅಭಿಪ್ರಾಯ. ಅದನ್ನು ಕಿತ್ತು ಹೊಸದು ಯಾವಾಗ ಬೇಕಾದರೂ ಹೊಡೆಸಬಹುದು, ಕಿತ್ತದ್ದನ್ನು ಮರಳಿ ತರಲಾಗದು. ಪೂರ್ಣ ರೆಸ್ಟೊರೇಷನ್ ಎಂದರೆ ಹೇಗಿರುತ್ತದೆ ಎಂದು ನೋಡಬೇಕಿದ್ದರೆ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ, ಶ್ರೀರಂಗಪಟ್ಟಣದ ಬಳಿಯ 'ಪಯಣ' ಕಾರು ಸಂಗ್ರಹಾಲಯ ಎರಡೂ ನಿಮಗೆ ಒಂದು ದಿನದ ದಾರಿ. ಬೆಂಗಳೂರಿನಲ್ಲಿ ಕರ್ನಾಟಕ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಇದೆ. ಇಂಥ ಕಡೆ ಸಿಗುವ ಪರಿಚಯದಿಂದ ಬಿಡಿಭಾಗದ ದಾರಿ ತೆರೆಯುತ್ತದೆ.

ಬಿಡಿಭಾಗಗಳಲ್ಲಿ ಎಂಜಿನ್, ಬ್ರೇಕಿನವು ಬೆಂಗಳೂರಿನ ಜೆ.ಸಿ. ರಸ್ತೆ, ಚೆನ್ನೈನ ಪುದುಪೇಟೆಯಂಥ ಕಡೆ ಹುಡುಕಿದರೆ ಸಿಗುತ್ತವೆ. ಸಿಗದವು ಸಣ್ಣಪುಟ್ಟವು: ಮುಂದಿನ ಗ್ರಿಲ್, ಬಾಡಿಯ ಕ್ರೋಮ್ ಪಟ್ಟಿಗಳು, ಹಿಂದಿನ ದೀಪದ ಗಾಜು, ಚಕ್ರದ ತಟ್ಟೆಗಳು, ಹೆಸರಿನ ಅಕ್ಷರಗಳು. ಗಾಡಿ ಗ್ಯಾರೇಜಿಗೆ ಹೋಗುವ ಮುಂಚೆ ಇವನ್ನು ಬಿಚ್ಚಿ, ಚೀಟಿ ಅಂಟಿಸಿ ಮನೆಯಲ್ಲೇ ಇಟ್ಟುಕೊಳ್ಳಿ. ಎಲ್ಲ ಕಡೆಯಿಂದ ಫೋಟೋ ತೆಗೆದಿಡಿ. ಗ್ಯಾರೇಜಿನವರಿಗೆ ಮುಂಗಡವಾಗಿ ಇಡೀ ಮೊತ್ತ ಕೊಡದೆ ತಳ, ಬ್ರೇಕ್, ಎಂಜಿನ್ ಎಂದು ಹಂತಕ್ಕೊಂದು ಕಂತು ಮಾತಾಡಿಕೊಳ್ಳಿ, ತೆಗೆದ ಹಳೆ ಭಾಗಗಳನ್ನು ವಾಪಸ್ ಕೇಳಿ. ಸವೆದ ಮೂಲ ಭಾಗವೂ ಹೊಸದನ್ನು ಲೇತಿನಲ್ಲಿ ಮಾಡಿಸುವಾಗ ಮಾದರಿಯಾಗಿ ಬೇಕಾಗುತ್ತದೆ.

ವಿಮೆ ಮಾಡಿಸುವಾಗ ಥರ್ಡ್ ಪಾರ್ಟಿ ಕಡ್ಡಾಯ. ಗಾಡಿಗೂ ಸೇರಿಸಿ ಮಾಡಿಸುವುದಾದರೆ, ಐದು ವರ್ಷ ದಾಟಿದ ವಾಹನದ ಮೌಲ್ಯವನ್ನು ನೀವೂ ಕಂಪನಿಯವರೂ ಮಾತಾಡಿ ನಿಗದಿ ಮಾಡುವುದು ಪದ್ಧತಿ. ಫೋಟೋ, ಖರ್ಚಿನ ಬಿಲ್ಲುಗಳಿದ್ದರೆ ಮಾತಿಗೆ ಬಲ ಬರುತ್ತದೆ. 1978ರ ಕಾರಿಗೆ ಸೀಟ್‌ಬೆಲ್ಟ್ ಕಾನೂನಿನ ಕಟ್ಟಳೆಯಲ್ಲ, ಆದರೂ ನೆಲ ಬಿಚ್ಚಿದಾಗಲೇ ಬಲಪಡಿಸಿದ ತಗಡಿಗೆ ಮುಂದಿನ ಸೀಟಿಗೆರಡು ಹಾಕಿಸಿ.

ನವೀಕರಣವಾಗಿ ರಸ್ತೆಗೆ ಬಂದ ಮೇಲೆ ಮೊದಲ ಆಯಿಲನ್ನು 500 ಕಿ.ಮೀ.ಗೇ ಬದಲಿಸಿ, ಒಳಗೆ ನೆನೆದ ಕೊಳೆಯೆಲ್ಲ ಅದರಲ್ಲೇ ಬರುತ್ತದೆ. ಅಲ್ಲಿಯವರೆಗೆ ಆಗುಂಬೆ ಘಾಟಿ ಇಳಿಸುವ ಸಾಹಸ ಬೇಡ. ಬ್ರೇಕ್ ಲೈನರು ಡ್ರಮ್ಮಿಗೆ ಪೂರ್ತಿ ಕೂರಲು ಅಷ್ಟು ಓಟ ಬೇಕು. ಆಮೇಲೆ ಒಮ್ಮೆ ಬ್ರೇಕ್ ಅಡ್ಜಸ್ಟ್ ಮಾಡಿಸಿ, ಮುಂದಿನ ಚಕ್ರಗಳು ಹೊರಳುವ ಕಿಂಗ್‌ಪಿನ್ನಿಗೆ ಗ್ರೀಸ್ ಹೊಡೆಸಿ, ಪೆಟ್ರೋಲ್ ಹೋಸಿನ ಕ್ಲಿಪ್ಪುಗಳನ್ನೂ ವೀಲ್ ಸಿಲಿಂಡರುಗಳ ಹಿಂಬದಿಯನ್ನೂ ಬೆರಳಿನಿಂದ ಮುಟ್ಟಿ ನೋಡಿ. ಎಲ್ಲೂ ಒದ್ದೆಯಿಲ್ಲದಿದ್ದರೆ ಘಾಟಿಗೂ ಹೋಗಬಹುದು, ಇಳಿಯುವಾಗ ಎರಡನೇ ಗೇರಿನಲ್ಲಿ.